ಇನ್ನೊಂದು ಗೇಣು

ಮಗ್ಗದ ಮೇಲೆ ಎಳೆ ಹರಿದಾಗ ಮಾತ್ರ ಸಂಗಪ್ಪನವರು ಮಾತಾಡುತ್ತಿದ್ದರು. ಹರಿದ ಎಳೆಯನ್ನು ಹುಡುಕಿ, ತುದಿಗೆ ತುದಿ ತಂದು, ಬೆರಳಲ್ಲಿ ಹೊಸೆದು ಗಂಟು ಹಾಕುವಷ್ಟು ಹೊತ್ತು ಅವರ ಬಾಯಿ ತೆರೆದಿರುತ್ತಿತ್ತು. ಗಂಟು ಬಿತ್ತೆಂದರೆ ಮಾತೂ ನಿಂತಿತು, ಅದು ಅರ್ಧದಲ್ಲೇ ಇರಲಿ, ಪ್ರಶ್ನೆಯೇ ಆಗಿರಲಿ. ಲಾಳಿ ಮತ್ತೆ ಓಡುತ್ತಿತ್ತು. ಬೆಳಿಗ್ಗೆ ಚಹಾದ ಹೊತ್ತಿಗೆ “ನಿಮ್ಮೂರ ಕಡಿ ಮಳಿ…” ಎಂದು ಶುರುವಾದದ್ದು ಮಧ್ಯಾಹ್ನ ರೊಟ್ಟಿಯ ಹೊತ್ತಿಗೆ “ಆತಂತೇನ್ರಿ?” ಎಂದು ಮುಗಿದದ್ದುಂಟು. ಒಳ್ಳೆಯ ನೂಲು ಬಂದ ವಾರ ಮನೆಯಲ್ಲಿ ಮಾತೇ ಇಲ್ಲ. ಕೊನೆಕೊನೆಗೆ ನಾನು, ದೇವರೇ ಈ ಸಲ ಕೆಟ್ಟ ನೂಲು ಬರಲಿ ಎಂದು ಬೇಡಿಕೊಳ್ಳುವ ಮಟ್ಟಕ್ಕೆ ಬಂದಿದ್ದೆ.

ಅವರು ತೀರಿಹೋಗಿ ಒಂದು ವರ್ಷವಾಯಿತು. ಸುದ್ದಿ ತಿಳಿಸಿದ್ದು ಅವರ ಮಗಳು ಶೈಲಾ. ಹುನಗುಂದದಲ್ಲಿ ಶಾಲೆಯ ಶಿಕ್ಷಕಿ. ನನ್ನ ಜೊತೆ ಮಾತು ಬಿಡಲು ಈ ಲೋಕದಲ್ಲಿ ಯಾರಿಗಾದರೂ ಹಕ್ಕಿದ್ದರೆ ಅದು ಆಕೆಗೆ. ಆದರೂ ಫೋನು ಮಾಡಿದಳು. ಅಳಲಿಲ್ಲ. ಕೊನೆಗೆ, “ನಮ್ಮವ್ವ ಹೆಂಗ ಸತ್ಲು ಅನ್ನೂದನ್ನ ಬರದ್ರಿ. ಈಗ ನಮ್ಮಪ್ಪ ಹೆಂಗ ಇದ್ದ ಅನ್ನೂದನ್ನ ಬರೀರಿ” ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ಈ ಸಲ ಆಕೆಗೆ ಓದಿ ಹೇಳಿದ ಮೇಲೆಯೇ ಅಚ್ಚಿಗೆ ಕೊಡುತ್ತೇನೆ.

ನನ್ನ ಉದ್ಯೋಗ ಪ್ರೇಮ ಕಾದಂಬರಿ ಬರೆಯುವುದು. ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕವಾಗುವ ಜಾತಿಯವು. ಇಪ್ಪತ್ತೆರಡು ಬರೆದಿದ್ದೆ. ಹುಡುಗಿಯರು ನನಗೆ ಪತ್ರ ಬರೆದು, ಅವನು ನನ್ನನ್ನು ನಿಜವಾಗಿ ಪ್ರೀತಿಸುತ್ತಾನೋ ಇಲ್ಲವೋ ಹೇಳಿ ಎಂದು ಕೇಳುತ್ತಿದ್ದರು. ನಾನು ಬೆಂಗಳೂರಿನ ಮನೆಯಲ್ಲಿ ಒಬ್ಬಳಿಗಾಗುವಷ್ಟು ಅನ್ನಕ್ಕಿಟ್ಟು, ಕುಕ್ಕರ್ ಕೂಗುವ ತನಕ ಅವರಿಗೆ ಉತ್ತರ ಬರೆಯುತ್ತಿದ್ದೆ. ನನ್ನ ಮದುವೆ ಮೂರು ವರ್ಷ ಇತ್ತು; ಅದರಲ್ಲಿ ಬರೆಯುವಂಥದ್ದೇನೂ ಇರಲಿಲ್ಲ. ಐವತ್ತೆರಡು ತುಂಬಿದ ವರ್ಷ ಬರವಣಿಗೆಯೂ ನಿಂತುಹೋಯಿತು. ಇಪ್ಪತ್ತಮೂರನೆಯ ಕಾದಂಬರಿಯ ನಾಯಕ ಬೆಟ್ಟದ ತುದಿಯಲ್ಲಿ ಎರಡು ವರ್ಷ ನಿಂತೇ ಇದ್ದ. ಅವನನ್ನು ಕೆಳಗಿಳಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಬಾಗಲಕೋಟೆಯ ನವನಗರದಲ್ಲಿ ನನ್ನ ಕಾಲೇಜು ಗೆಳತಿ ಸುಧಾ ಇದ್ದಳು. ಬಂದು ನಾಲ್ಕು ದಿನ ಇರು ಎಂದಳು, ಹೋದೆ. ಅಳತೆ ಹಿಡಿದು ಕಟ್ಟಿದ ಆ ಊರಿನ ಅಗಲವಾದ ರಸ್ತೆಗಳಲ್ಲಿ ಮಧ್ಯಾಹ್ನ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಮೌನವೇ ಬೇಕಿದ್ದರೆ ಬೆಂಗಳೂರಿನ ನನ್ನ ಮನೆಯಲ್ಲೇ ಬೇಕಾದಷ್ಟಿತ್ತು. ಐದನೆಯ ದಿನ ಸುಧಾ ಕುಪ್ಪಸದ ಖಣ ಕೊಳ್ಳಲು ಗುಳೇದಗುಡ್ಡಕ್ಕೆ ಹೊರಟಳು. ಓಣಿ ಹೊಕ್ಕ ಕೂಡಲೇ ಎಡಬಲದ ಮನೆಗಳಿಂದೆಲ್ಲ ಮಗ್ಗದ ಸದ್ದು. ಒಂದು ಮನೆಯಲ್ಲಿ ಕುಣಿಮಗ್ಗದೊಳಗೆ ಕಾಲಿಳಿಬಿಟ್ಟು ಕೂತಿದ್ದ ತೆಳ್ಳಗಿನ ಮನುಷ್ಯ ನಮ್ಮತ್ತ ನೋಡಿ, ತಲೆಯಾಡಿಸಿ, ನೇಯುತ್ತಲೇ ಇದ್ದ. ಆ ಮನೆಯ ಮೇಲೊಂದು ಕೋಣೆ ಬಾಡಿಗೆಗೆ ಖಾಲಿ ಇದೆ ಎಂದು ಎದುರು ಮನೆಯ ನೀಲವ್ವ ಹೇಳಿದಳು. “ಈ ಸಪ್ಪಳದಾಗ ನೀ ಏನ್ ಬರೀತೀಯ?” ಎಂದು ಸುಧಾ ನಕ್ಕಳು. ನಾನು ಚೀಲ ತಂದೆ.

ಸಂಗಪ್ಪನವರಿಗೆ ಆಗ ಅರವತ್ತರ ಆಸುಪಾಸು. ಹೆಂಡತಿ ಗೌರವ್ವ ತೀರಿಹೋಗಿ ಆರು ವರ್ಷ. ತಮ್ಮ ರೊಟ್ಟಿಯನ್ನು ತಾವೇ ಬಡಿಯುತ್ತಿದ್ದರು, ನನ್ನದಕ್ಕಿಂತ ದುಂಡಗೆ. ಚಹಾವನ್ನು ಬಶಿಗೆ ಬಗ್ಗಿಸಿ, ಅದು ಆರುವವರೆಗೆ ತಾವು ನೇಯ್ದ ಬಟ್ಟೆಯನ್ನೇ ದಿಟ್ಟಿಸುತ್ತಿದ್ದರು. ಮೆಚ್ಚಿ ಅಲ್ಲ, ತಪ್ಪು ಹುಡುಕುತ್ತ. ನನ್ನನ್ನು ಟೀಚರಮ್ಮನೆಂದುಕೊಂಡು “ಬಾಯಾರ” ಎನ್ನುತ್ತಿದ್ದರು. ಕತೆ ಬರೆಯುವವಳೆಂದು ತಿಳಿದ ಮೇಲೂ ಬಾಯಾರೇ ಉಳಿದೆ.

ಒಂದು ದಿನ, “ಏನ್ ಬರದೀರಿ, ಓದ್ರಿ ನೋಡೂಣು” ಎಂದರು. ನಾನು ಕಂಬಕ್ಕೊರಗಿ ಬೆಟ್ಟದ ಅಧ್ಯಾಯ ಓದಿದೆ. ಮಗ್ಗದ ಸದ್ದಿಗಿಂತ ಗಟ್ಟಿಯಾಗಿ ಓದಬೇಕಿತ್ತು. ಹಾಗೆ ಕೂಗಿ ಹೇಳಿದಾಗ ನನ್ನ ವಿರಹದ ವಾಕ್ಯಗಳು ಜಾತ್ರೆಯ ಮೈಕಿನಲ್ಲಿ ಮಕ್ಕಳು ಕಳೆದುಹೋದ ಪ್ರಕಟಣೆಯ ಹಾಗೆ ಕೇಳಿಸಿದವು. ಮುಗಿಸಿ ಕಾದೆ. ಎಳೆ ಹರಿಯಿತು.

“ಈ ಹುಡುಗ ಉದ್ಯೋಗ ಏನ್ ಮಾಡ್ತಾನ್ರಿ?”

“ಶ್ರೀಮಂತ. ತೋಟಗೀಟ ಇದೆ.”

ಗಂಟು ಬಿತ್ತು. ಒಂದು ತಾಸಿನ ಮೇಲೆ ಇನ್ನೊಂದು ಎಳೆ. “ಮುಂಜಾನೆದ್ದು ಏನ್ ಮಾಡ್ತಾನ?”

“ಬೆಟ್ಟದ ಮೇಲೆ ನಿಂತು ಅವಳನ್ನು ನೆನೆಯುತ್ತಾನೆ.”

ಆ ಸಲ ಗಂಟು ಹಾಕಲು ಬಹಳ ಹೊತ್ತು ತೆಗೆದುಕೊಂಡರು. “ಊಟಕ್ಕರ ಮನಿಗೆ ಬರ್ತಾನೋ ಇಲ್ಲೋ?” ಎಂದರು.

ನನಗೆ ಸಿಟ್ಟು ಬಂತು. ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಹಳೆಯ ಕಾದಂಬರಿಗಳನ್ನೆಲ್ಲ ನೆನಪಿಸಿಕೊಂಡೆ. ಇಪ್ಪತ್ತೆರಡರಲ್ಲಿ ಒಬ್ಬನೂ ಊಟ ಮಾಡಿರಲಿಲ್ಲ. ಕೆಲವರು ಕಾಫಿ ಕುಡಿದಿದ್ದರು. ಮಾರನೆಯ ದಿನ ನಾಯಕನನ್ನು ಬೆಟ್ಟದಿಂದ ಇಳಿಸಿ, ನೀರೆತ್ತುವ ಮೋಟರು ರಿಪೇರಿ ಮಾಡುವ ಕೆಲಸಕ್ಕೆ ಹಾಕಿದೆ. ಕೈಗೆಲ್ಲ ಗ್ರೀಸು ಮೆತ್ತಿಕೊಂಡು ಮನೆಗೆ ಬಂದು, ಮೊಳಕೈಯಿಂದ ಕದ ತಳ್ಳಿದ. ಎರಡು ವರ್ಷಗಳ ನಂತರ ನಾನು ಬರೆದ ಮೊದಲ ಜೀವಂತ ಸಾಲು ಅದು.

ಪಡಸಾಲೆಯ ಮೂಲೆಯಲ್ಲಿ ಒಂದು ರಾಟೆ ಇತ್ತು. ಲಾಳಿಯೊಳಗೆ ಕೂರುವ ಸಣ್ಣ ಕಂಡಿಕೆಗೆ ನೂಲು ಸುತ್ತುವ ರಾಟೆ. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ; ಸಂಗಪ್ಪನವರು ನೂಲನ್ನು ನೀಲವ್ವನ ಮನೆಗೆ ಕಳಿಸಿ ಕಂಡಿಕೆ ಸುತ್ತಿಸಿಕೊಳ್ಳುತ್ತಿದ್ದರು. ಬರೆಯಲಾಗದೆ ಕೂತ ಒಂದು ಬೆಳಿಗ್ಗೆ, ನಾನು ಸುತ್ತಲೇ ಎಂದೆ. ಅವರು ನನ್ನನ್ನೂ ರಾಟೆಯನ್ನೂ ನೋಡಿದರು. ಆಮೇಲೆ ಎದ್ದು ಬಂದು, ಧೂಳು ಒರೆಸಿ, ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಎಷ್ಟು ಬಿಗಿ ಹಿಡಿಯಬೇಕೆಂದು ತೋರಿಸಿದರು. ನನ್ನ ಮೊದಲ ಕಂಡಿಕೆಗಳು ಸಡಿಲಾಗಿ, ಲಾಳಿಯೊಳಗೇ ಜಾರಿ ಗೋಜಲಾದವು. ಅವರು ಒಂದು ಮಾತೂ ಬೈಯದೆ, ಒಂದೊಂದನ್ನೂ ಬಿಚ್ಚಿ ನನ್ನ ಮುಂದಿಟ್ಟರು. ಹದಿನೈದು ದಿನಕ್ಕೆ ಕೈ ಕೂತಿತು.

ನೀಲವ್ವ ಅದನ್ನು ಬಾಗಿಲಿಂದ ಕಂಡವಳೇ ಗಲ್ಲದ ಮೇಲೆ ಕೈಯಿಟ್ಟಳು. “ಬಾಯಾರು ರಾಟಿ ಹಿಡದ್ರಾ! ಇನ್ನ ಬಾಯಾರು ಊರು ಬಿಡೂ ಮಾತಿಲ್ಲ ಬಿಡ್ರೆವಾ!” ಓಣಿಯ ಹೆಂಗಸರು ನಕ್ಕರು. ನಾನೂ ನಕ್ಕೆ, ಅರ್ಥವಾಗದೆ. ಆ ಓಣಿಯಲ್ಲಿ ರಾಟೆ ಮನೆಯೊಡತಿಯದು, ಬಾಡಿಗೆಗಿದ್ದವಳು ಮುಟ್ಟುವಂಥದ್ದಲ್ಲ ಎಂದು ಸುಧಾ ವಿವರಿಸಿದ್ದು ಆಮೇಲೆ. ಇದು ಗೊತ್ತಿದ್ದೂ ಸಂಗಪ್ಪನವರು ನನ್ನನ್ನು ಬೇಡವೆಂದಿರಲಿಲ್ಲ. ಧೂಳು ಒರೆಸಿ ಕೊಟ್ಟಿದ್ದರು. ಅದು ತಿಳಿದ ದಿನ ನಾನು ಸುಧಾಳ ಮನೆಯಿಂದ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಬಂದೆ. ಪಕ್ಕದವಳು ಸ್ವಲ್ಪ ಸರಿದು ಕೂತಳು.

ಆ ಚಳಿಗಾಲ ನನ್ನ ಬದುಕಿನ ಒಳ್ಳೆಯ ದಿನಗಳು. ಬೆಳಿಗ್ಗೆ ಕಂಡಿಕೆ, ಮಧ್ಯಾಹ್ನ ಬರವಣಿಗೆ. ಅವರು ಒಳಗೆ, ನಾನು ಪಡಸಾಲೆಯಲ್ಲಿ, ನಡುವೆ ತೆರೆದ ಬಾಗಿಲು. ಪ್ರೀತಿ ಅನ್ನುವ ಮಾತನ್ನು ಯಾರೂ ಎತ್ತಲಿಲ್ಲ. ನನಗೆ ಆ ಪದವನ್ನು ಬರೆದು ಬರೆದು ಸಾಕಾಗಿತ್ತು, ಅವರಿಗೆ ಅದು ಬೇಕಾಗಿರಲಿಲ್ಲ.

ಒಂದು ಮಧ್ಯಾಹ್ನ, ಯಾವ ಎಳೆಯೂ ಹರಿಯದೆ, ಮಗ್ಗ ನಿಂತಿತು. ನಾನು ತಿರುಗಿ ನೋಡಿದೆ. ಅವರು ನೇಯ್ದ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

“ಗೌರವ್ವ ಹ್ವಾದ ದಿನ ರಾಟಿ ನಿಂತದ್ದು ನನಗ ಕೇಳಿಸಿತ್ರಿ” ಎಂದರು. “ಮೂವತ್ತು ವರ್ಷ ಕೇಳಿದ ಸಪ್ಪಳ. ನೀರು ಕುಡ್ಯಾಕ ಎದ್ದಾಳ ಅಂದ್ಕೊಂಡೆ. ಹೂವಿನ ಸಾಲು ಅರ್ಧಕ್ಕ ಬಂದಿತ್ತು, ಅದೊಂದು ಮುಗಸಿ ಏಳೂಣು ಅಂತ ಇನ್ನೊಂದು ಗೇಣು ನೇಯ್ದೆ. ಹೊರಗ ಬಂದು ನೋಡಿದ್ರ ಗ್ವಾಡಿಗೆ ಒರಗಿ ಕುಂತಾಳ. ಬೆರಳಾಗ ಎಳಿ ಹಂಗ ಐತಿ. ಮೈ ಇನ್ನೂ ಬೆಚ್ಚಗಿತ್ತು. ನನ್ನ ಕರದಿದ್ಲೋ ಏನೋ, ಮಗ್ಗದ ಸಪ್ಪಳದಾಗ ಕೇಳಿಲ್ಲ.”

ಒಬ್ಬ ಮನುಷ್ಯ ಇಷ್ಟು ಹೇಳಿಕೊಂಡಾಗ ಇನ್ನೊಬ್ಬ ಮನುಷ್ಯ ಮಾಡಬೇಕಾದದ್ದು ಎದ್ದು ಹತ್ತಿರ ಹೋಗಿ ಕೂರುವುದು. ನಾನು, “ಚಹಾ ಮಾಡ್ತೀನಿ” ಎಂದೆ. ಒಲೆಯ ಮೇಲೆ ನೀರಿಟ್ಟೆ. ಇಟ್ಟು, ಮೆಟ್ಟಿಲು ಹತ್ತಿ ಮೇಲೆ ಹೋದೆ. ಒಂದು ಪದವೂ ಮರೆಯಬಾರದೆಂದು ಅವರ ಮಾತನ್ನು ಅವರ ಮಾತಿನಲ್ಲೇ ಬರೆದುಕೊಂಡೆ. ಕೆಳಗಿಳಿದು ಬಂದಾಗ ನೀರು ಬತ್ತಿಹೋಗಿತ್ತು. ಅವರೇ ಬೇರೆ ನೀರಿಟ್ಟು ಚಹಾ ಸೋಸುತ್ತಿದ್ದರು. ನನ್ನ ಕಪ್ಪಿಗೆ ಸಕ್ಕರೆ ಕಡಿಮೆ ಹಾಕುವುದನ್ನು ಮರೆತಿರಲಿಲ್ಲ.

ಕಾದಂಬರಿ ಮುಗಿಯಿತು. ಆ ಮಾತುಗಳನ್ನು ನಾಯಕನ ತಂದೆಯ ಬಾಯಲ್ಲಿ ಹಾಕಿದೆ. ಹೆಸರು ಬದಲಿಸಿದೆ, ಊರು ಕಲಾದಗಿ ಎಂದೆ, ಗೌರವ್ವನನ್ನು ಲಕ್ಷ್ಮವ್ವ ಮಾಡಿದೆ. ಮಗ್ಗವನ್ನು ಬದಲಿಸಿ ಬೇರೆ ಕಸುಬು ಮಾಡೋಣವೆಂದು ನೋಡಿದೆ. ಆದರೆ ಆ ಗೇಣು ಬೇರೆ ಯಾವ ಕಸುಬಿಗೂ ಒಗ್ಗಲಿಲ್ಲ, ಹಾಗೇ ಬಿಟ್ಟೆ. ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಅವರಿಗೆ ಓದಿ ತೋರಿಸಬೇಕೆಂದು ಎರಡು ಸಲ ಕೆಳಗಿಳಿದೆ. ಎರಡು ಸಲವೂ ಬೇರೇನೋ ಮಾತಾಡಿ ಮೇಲೆ ಹೋದೆ. ಬೇಡ ಎಂದುಬಿಟ್ಟರೆ ಅಧ್ಯಾಯ ಹೋಗುತ್ತದಲ್ಲ ಎಂಬ ಭಯ. ಇದು ನಿಜ, ಈಗ ಮುಚ್ಚಿಡುವುದೇನಿದೆ.

ಪತ್ರಿಕೆಯಲ್ಲಿ ಅದು ಬರುವಾಗ ನಾನು ಬೆಂಗಳೂರಿನಲ್ಲಿದ್ದೆ. ಓದುಗರು ಆ ಅಧ್ಯಾಯವನ್ನೇ ಹೊಗಳಿದರು. ಸಂಗಪ್ಪನವರು ಮೊದಲೆರಡು ವಾರ ಫೋನಿನಲ್ಲಿ “ಹೂಂ, ಆತು” ಎನ್ನುತ್ತಿದ್ದರು, ಆಮೇಲೆ ಎತ್ತಲಿಲ್ಲ. ಮಗ್ಗದ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂದುಕೊಂಡೆ. ಆ ಹೊತ್ತಿಗೆ ನಾನು ಬೆಂಗಳೂರಿನ ಮನೆ ಬಿಟ್ಟುಕೊಟ್ಟಾಗಿತ್ತು. ನನ್ನ ಕತೆಯ ಹುಡುಗಿಯರು ಕೊನೆಯ ಅಧ್ಯಾಯದಲ್ಲಿ ಆಡುವ ಮಾತನ್ನು ನನ್ನ ಬಾಯಿಂದಲೇ ಆಡಲು ಗುಳೇದಗುಡ್ಡಕ್ಕೆ ಹೊರಟಿದ್ದೆ, ಐವತ್ತೈದನೆಯ ವಯಸ್ಸಿನಲ್ಲಿ, ಒಂದು ಡಬ್ಬಿ ಪೇಡೆ ಹಿಡಿದುಕೊಂಡು.

ಅವರು ಮಗ್ಗದಿಂದ ಎದ್ದು ಬಂದರು. ಚಾಪೆ ಹಾಸಿದರು, ನೀರು ಕೊಟ್ಟರು. ಪೇಡೆಯ ಡಬ್ಬಿಯನ್ನು ದೇವರ ಮುಂದಿಟ್ಟು ಬಂದು ಕೂತರು.

“ಶೈಲಾ ಬಂದಿದ್ಲು. ಪತ್ರಿಕೆ ತಂದಿದ್ಲು. ‘ಅಪ್ಪಾ, ಇದು ಅವ್ವನ ಸುದ್ದಿ ಅಲ್ಲೇನು?’ ಅಂದ್ಲು. ಆಕಿಗೆ ನಾ, ನಿಮ್ಮವ್ವ ನನ್ನ ತೊಡಿ ಮ್ಯಾಲ ಜೀವಾ ಬಿಟ್ಲು ಅಂತ ಹೇಳಿದ್ದೆ. ಹಡದವ್ವ ಒಬ್ಬಾಕಿನ ಹ್ವಾದ್ಲು ಅಂತ ಮಗಳಿಗೆ ಹೆಂಗ ಹೇಳ್ಲಿ? ಶೈಲಾ ನೀರು ಸುದ್ದಾ ಕುಡೀಲಾರದ ಹೋದ್ಲು.”

ನಾನು ತಪ್ಪಾಯಿತು ಎಂದೆ. ಅದನ್ನೇ ನಾಲ್ಕೈದು ಸಲ ಅಂದಿರಬೇಕು.

“ಚೊಲೋ ಬರದೀರಿ. ಒಂದಕ್ಷರ ಸುಳ್ಳಿಲ್ಲ” ಎಂದರು. ಆ ಮಾತಿನಲ್ಲಿ ಕುಹಕ ಇರಲಿಲ್ಲ. “ಮಗಳಿಗೆ ಹೇಳಿದ್ದಿಲ್ರಿ ಅದನ್ನ. ನಿಮಗ ಹೇಳಿದ್ದೆ.”

ಆ ಮಾತಿಗಿಂತ ದೊಡ್ಡ ಪ್ರೇಮದ ಮಾತನ್ನು ನಾನು ಕೇಳಿಲ್ಲ, ಬರೆದೂ ಇಲ್ಲ. ಅದು ಮುಗಿದುಹೋದದ್ದರ ಮಾತೆಂದೂ ಗೊತ್ತಾಯಿತು. ಆದರೂ ಹೇಳಿದೆ, “ನಾನು ಇಲ್ಲೇ ಇರಬೇಕೂಂತ ಬಂದೆ.”

ಅವರು ಅಂಗೈ ನೋಡಿಕೊಂಡರು. “ಇರ್ರಿ. ಕ್ವಾಣಿ ಖಾಲಿನ ಐತಿ. ಆದ್ರ ನಿಮ್ಮ ಕೂಡ ನಾ ಏನ್ ಮಾತಾಡ್ಲಿ? ಬಾಯಿ ತೆಗ್ಯಾಕ ಅಂಜಿಕಿ ಬರ್ತೈತ್ರಿ ಈಗ.”

ಮರುದಿನ ಬೆಳಿಗ್ಗೆ ನನ್ನ ಚೀಲ ಹೊತ್ತುಕೊಂಡು ಬಸ್ ನಿಲ್ದಾಣದ ತನಕ ಬಂದರು. ನಾನು ಬೇಡವೆಂದರೂ ಬಿಡಲಿಲ್ಲ. ಬಾಗಲಕೋಟೆಯ ಬಸ್ಸು ತಡವಾಗಿತ್ತು, ಅದು ಬರುವವರೆಗೂ ಪಕ್ಕದಲ್ಲೇ ನಿಂತಿದ್ದರು. ನಾನು ಒಳಗೆ ಕೂತ ಮೇಲೆ ಕಿಟಕಿಯಿಂದ ಚೀಲ ಕೊಟ್ಟು, ಏನೋ ಹೇಳಲು ಬಾಯಿ ತೆರೆದು, ತಡೆದು, “ಸಾವಕಾಶ ಹೋಗ್ರಿ” ಎಂದರು. ಅಷ್ಟನ್ನು ಆಡುವುದಕ್ಕೂ ಅವರು ಎಷ್ಟು ಯೋಚಿಸಬೇಕಾಯಿತೆಂದು ನಾನು ನೋಡಿದೆ.