ಕರಡಿಗೆಯ ಮೇಲಿನ ಹಲ್ಲಿನ ಗುರುತು

ಕಳೆದ ವಾರ ತರೀಕೆರೆಯ ಅಕ್ಕಸಾಲಿಯೊಬ್ಬರ ಅಂಗಡಿಯಲ್ಲಿ ಅವ್ವನ ಬೆಳ್ಳಿ ಕರಡಿಗೆ ಹಿಡಿದುಕೊಂಡು ಕೂತಿದ್ದೆ. ಕರಡಿಗೆ ಎಂದರೆ ಇಷ್ಟಲಿಂಗವನ್ನು ಒಳಗಿಟ್ಟು, ಶಿವದಾರ ಕಟ್ಟಿ, ಎದೆಯ ಮೇಲೆ ಧರಿಸುವ ಪುಟ್ಟ ಡಬ್ಬಿ. ಅದರ ಕೊಂಡಿ ಸಡಿಲವಾಗಿತ್ತು. ಅಕ್ಕಸಾಲಿ ಮೊದಲು ವಿಭೂತಿ ಹಚ್ಚಿ ತಿಕ್ಕತೊಡಗಿದರು. ಒದ್ದೆ ವಿಭೂತಿಯ ಆ ವಾಸನೆ ಬಂದದ್ದೇ ತಡ, ನನಗೆ ಅವ್ವನೇ ಪಕ್ಕದಲ್ಲಿ ಬಂದು ಕೂತಂತಾಯಿತು.

"ಇದೇನ್ ಸಾರ್, ಇಲ್ಲಿ ಎರಡು ತಗ್ಗು ಬಿದ್ದೈತೆ? ಮಗು ಏನಾದ್ರೂ ಕಚ್ಚಿತ್ತಾ?"

"ಮಗು ಅಲ್ಲ, ಮಂಗ."

"ಕಲ್ಲತ್ತಿಗಿರಿ ಮಂಗಾನಾ?"

"ಅಲ್ಲ, ಆಫ್ರಿಕಾದ್ದು."

ಅವರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ, ಗಿರಾಕಿಯ ಜೊತೆ ವಾದ ಯಾಕೆ ಎಂದುಕೊಂಡರೋ ಏನೋ, "ಒಳಗಿಂದ ಎರಡೇಟು ಕೊಟ್ರೆ ನೆಟ್ಟಗಾಗುತ್ತೆ. ತೆಗೆದುಬಿಡ್ಲಾ?" ಎಂದರು.  ಕಾಫಿ ಕುಡಿದು ಬಂದು ಹೇಳುತ್ತೇನೆಂದು ಎದ್ದು ಹೋದೆ. ಆ ಕಾಫಿ ತಣ್ಣಗಾಗುವವರೆಗೆ ನಾನು ಏನೇನು ನೆನೆದೆ ಎಂಬುದನ್ನು ನಿಮಗೂ ಹೇಳುತ್ತೇನೆ.

ಎಂಬತ್ತರ ದಶಕ ಶುರುವಾದ ಕಾಲ. ನಮ್ಮ ಕಡೆಯ ಲೆಕ್ಕದ ಮೇಷ್ಟ್ರು, ವಿಜ್ಞಾನದ ಮೇಷ್ಟ್ರು ಆಗ ಒಬ್ಬೊಬ್ಬರಾಗಿ ಆಫ್ರಿಕಾದ ಹೈಸ್ಕೂಲುಗಳಿಗೆ ಹೋಗುತ್ತಿದ್ದರು. ನಮ್ಮ ಭಾವನೂ ಹಾಗೆ ಫಿಸಿಕ್ಸ್ ಕಲಿಸಲು ಜಾಂಬಿಯಾಕ್ಕೆ ಹೋದವರು. ಅಕ್ಕ ಬಸುರಿಯೆಂದು ಕಾಗದ ಬಂದಾಗ ಅಜ್ಜಂಪುರದ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇನೂ ನಡೆಯಲಿಲ್ಲ. ಅವ್ವ ಒಂದೇ ಮಾತಿನಲ್ಲಿ ಮುಗಿಸಿದಳು: "ಹೆರಿಗೆ ಎಲ್ಲಾದ್ರೂ ಆಗ್ಲಿ, ಬಾಣಂತನ ತಾಯಿ ಕೈಲೇ ಆಗ್ಬೇಕು." ಬೆಂಗಳೂರನ್ನೂ ಎರಡೇ ಸಲ ನೋಡಿದ್ದ ಹೆಂಗಸು ಒಬ್ಬಳೇ ವಿಮಾನ ಹತ್ತುವುದು ಹೇಗೆ? ಬಿ.ಎಸ್ಸಿ.ಯಲ್ಲಿ ಒಂದು ಸಬ್ಜೆಕ್ಟ್ ಉಳಿಸಿಕೊಂಡು, ಊರಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ ಓಡಾಡುತ್ತಿದ್ದ ನಾನು ಜೊತೆಗೆ ಹೊರಟೆ. ನಮ್ಮ ವಂಶದಲ್ಲಿ ಫೇಲಾಗಿ ವಿದೇಶಕ್ಕೆ ಹೋದವನು ನಾನೊಬ್ಬನೇ.

ಅವ್ವನ ಸಾಮಾನು ಕೇಳಬೇಡಿ. ಅಂಟು, ಕೊಬ್ಬರಿ, ಬೆಲ್ಲ, ಓಮ, ಇಷ್ಟು ಬಾಣಂತಿಗೆ. ವಿಭೂತಿ ಗಟ್ಟಿ ಮತ್ತು ಒಣಗಿಸಿದ ಬಿಲ್ವಪತ್ರೆ ತುಂಬಿದ ಒಂದು ತಗಡಿನ ಡಬ್ಬ, ಇದು ತನ್ನ ದಿನದ ಲಿಂಗಪೂಜೆಗೆ. ಹೊರಡುವ ಮುಂಚೆ ಮಠದ ಅಯ್ಯನವರ ಹತ್ತಿರ ಹೋಗಿ, ಸಮುದ್ರ ದಾಟಬಹುದೋ ಬಾರದೋ ಎಂದು ಕೇಳಿದಳು. ಅವರು ನಕ್ಕು, "ಲಿಂಗ ಎದೆ ಮೇಲಿದ್ರೆ ಎಲ್ಲಾ ಊರೂ ಒಂದೇ ಕಣಮ್ಮ, ಹೋಗ್ಬಾ" ಎಂದರು. ಕಡೂರು ಸ್ಟೇಷನ್ನಿನಲ್ಲಿ ರೈಲು ಹತ್ತುವಾಗಲೂ ಅವ್ವನ ಕೈ ಎದೆಯ ಮೇಲಿನ ಕರಡಿಗೆಯನ್ನೇ ಹಿಡಿದಿತ್ತು.

ನನ್ನ ಲಿಂಗ ಎಲ್ಲಿತ್ತು ಎಂದು ನೀವು ಕೇಳುವ ಮುಂಚೆಯೇ ಹೇಳಿಬಿಡುತ್ತೇನೆ. ಅದು ದೇವರ ಕೋಣೆಯ ಗೂಟಕ್ಕೆ ನೇತಾಡುತ್ತಿತ್ತು. ಕಾಲೇಜಿಗೆ ಸೇರಿದ ವರ್ಷ, ಹಾಸ್ಟೆಲ್ಲಿನ ಗೆಳೆಯರ ಮುಂದೆ ನಾಚಿಕೆಯೆನಿಸಿ ಬಿಚ್ಚಿಟ್ಟಿದ್ದೆ. ಅವ್ವ ಬೈಯಲಿಲ್ಲ. ಪ್ರತಿ ಸೋಮವಾರ ಅದರ ಧೂಳು ಒರೆಸಿ, ಮತ್ತೆ ಅದೇ ಗೂಟಕ್ಕೆ ಹಾಕುತ್ತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬಾಣಂತನ ಚೆನ್ನಾಗಿ ನಡೆಯಿತು. ಮಗುವಿಗೆ ಮೂರು ತಿಂಗಳಾಯಿತು. ನಾವು ಹಿಂದಿರುಗಲು ಹನ್ನೊಂದು ದಿನ ಉಳಿದಿದ್ದಾಗ ಭಾವ, "ಅತ್ತೆ, ಇಷ್ಟು ದೂರ ಬಂದು ಅಡಿಗೆಮನೆ ಬಿಟ್ಟು ಏನೂ ನೋಡ್ದೆ ಹೋಗ್ತೀರಾ?" ಎಂದು ಎಲ್ಲರನ್ನೂ ಜಾಂಬೆಜಿ ನದಿಯ ದಂಡೆಗೆ ಕರೆದೊಯ್ದರು. ಅಕ್ಕ ಮಗುವಿನೊಂದಿಗೆ ವಸತಿಗೃಹದಲ್ಲೇ ಉಳಿದಳು. ಬೆಳಗಿನ ಪೂಜೆ ಮುಗಿಸಿದ ಅವ್ವ, ಭಾವ ಮತ್ತು ನಾನು ಮೋಟಾರು ದೋಣಿಯ ಹತ್ತಿರ ಹೋದೆವು. ದೋಣಿ ನಡೆಸುವವನು ಮುಬಿತ ಎಂಬ ಐವತ್ತರ ಆಸುಪಾಸಿನ, ಹೆಚ್ಚು ಮಾತಿಲ್ಲದ ಮನುಷ್ಯ. ಅವನು ಎಲ್ಲರಿಗೂ ಒಂದೊಂದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟ.

ಅಲ್ಲೇ ನಾನು ಎಡವಟ್ಟು ಮಾಡಿದ್ದು. ಅವ್ವನಿಗೆ ಆ ಜಾಕೆಟ್ಟು ಬಿಗಿ. ಕರಡಿಗೆ ಅಡ್ಡ ಬಂದು ಅದರ ಪಟ್ಟಿ ಕೂಡುತ್ತಲೇ ಇರಲಿಲ್ಲ. ಅದೂ ಅಲ್ಲದೆ, ಯಾರ್ಯಾರೋ ಬೆವರು ಸುರಿಸಿದ ಆ ಜಾಕೆಟ್ಟು ಲಿಂಗಕ್ಕೆ ಒತ್ತುವುದು ಅವಳಿಗೆ ಸರಿ ಕಾಣಲಿಲ್ಲ. "ತೆಗೆದು ಚೀಲದಲ್ಲಿಡವ್ವ, ಎರಡು ಗಂಟೆ ತಾನೇ, ಏನಾಗುತ್ತೆ?" ಎಂದೆ. ಗೂಟಕ್ಕೆ ನೇತುಹಾಕಿ ಬಂದವನಿಗೆ ಚೀಲ ದೊಡ್ಡದೇ? ಅವ್ವ ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಕರಡಿಗೆಯನ್ನು ಬಿಳಿ ವಸ್ತ್ರದಲ್ಲಿ ಸುತ್ತಿ, ತನ್ನ ಪ್ರಕಾರ ಮಡಿಯಾಗಿದ್ದ ಒಂದೇ ಜಾಗದಲ್ಲಿ, ಎಂದರೆ ಅಂಟಿನುಂಡೆ ಡಬ್ಬವಿದ್ದ ಚೀಲದಲ್ಲಿ ಇಟ್ಟಳು. ದೀಕ್ಷೆಯಾದ ದಿನದಿಂದ ಲಿಂಗ ಅವಳ ಮೈಯಿಂದ ದೂರವಾದದ್ದು ಅದೇ ಮೊದಲು.

ನದಿ ಎಂದರೆ ಅದು ನದಿ. ಕೆರೆ ತುಂಬಿದರೆ ಊರೆಲ್ಲ ಹೋಗಿ ನೋಡಿ ಬರುವ ಸೀಮೆಯವರು ನಾವು. ಆಚೆ ದಡ ಮಸುಕಾಗಿ ಕಾಣುವ ನೀರನ್ನು ಕಂಡು ಅವ್ವ ಮೊದಲು ಕೈ ಮುಗಿದಳು, ಆಮೇಲೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನೀರಾನೆಗಳ ಹಿಂಡು ಕಂಡಾಗ ಮಾತ್ರ ಭಯ ಮರೆತಳು. "ಇದ್ಯಾವ ಸೀಮೆ ಆನೆಯೋ? ಸೊಂಡ್ಲೇ ಇಲ್ಲ! ಎಮ್ಮೆ ಮೈಗೆ ಹಂದಿ ಮೂತಿ ಅಂಟ್ಸಿದಂಗೈತೆ." ಒಂದು ನೀರಾನೆ ಆಕಳಿಸಿತು. ಅದರ ಬಾಯಿಯನ್ನು ನೋಡಿ, "ಹಲ್ಲು ಉಜ್ಜಿ ಎಷ್ಟು ವರ್ಷ ಆಯ್ತೋ ಪಾಪ" ಎಂದಳು. ಸ್ವಲ್ಪ ಮುಂದೆ ಆನೆಗಳು ಸೊಂಡಿಲನ್ನು ಮೇಲೆತ್ತಿಕೊಂಡು ನದಿ ದಾಟುತ್ತಿದ್ದವು. ಮುಬಿತ ಎಂಜಿನ್ ನಿಲ್ಲಿಸಿದ. ಅವ್ವ ಪಿಸುಗುಟ್ಟಿದಳು: "ನೋಡೋ, ಗಣಪ್ಪ ಈಜ್ತಾವ್ನೆ." ನಾನು ಅವ್ವನನ್ನು ಅಷ್ಟು ಸಂತೋಷವಾಗಿ ಅದಕ್ಕೂ ಮುಂಚೆ ನೋಡಿರಲಿಲ್ಲ.

ಟೀ ಕುಡಿಯಲೆಂದು ಒಂದು ನಡುಗಡ್ಡೆಯಲ್ಲಿ ಇಳಿದೆವು. ನಾನು ಚೀಲವನ್ನು ಮರಳಿನ ಮೇಲೆ ಇಟ್ಟು ಈ ಕಡೆ ತಿರುಗಿದ್ದಷ್ಟೇ. ನಾಯಿಯಂಥ ಮೂತಿಯ, ನಾಯಿಗಿಂತ ದೊಡ್ಡ ಮಂಗವೊಂದು ಎಲ್ಲಿತ್ತೋ, ಬಂದು ಚೀಲಕ್ಕೆ ಕೈ ಹಾಕಿ, ಉಂಡೆಯ ಘಮ ಹತ್ತಿದ್ದ ಆ ಬಿಳಿ ಗಂಟನ್ನೇ ಕಿತ್ತುಕೊಂಡು ಓಡಿತು. ನದಿಯ ಮೇಲೆ ಬಾಗಿದ್ದ ಕೊಂಬೆಯ ಮೇಲೆ ಕೂತು ಬಟ್ಟೆ ಬಿಚ್ಚಿ ಎಸೆಯಿತು. ಕರಡಿಗೆಯನ್ನು ಹಣ್ಣೆಂದು ತಿಳಿದು ಕಚ್ಚಿತು.

ನಾನೂ ಭಾವನೂ ಕೂಗಾಡುತ್ತ ಕೋಲು ಹಿಡಿದು ಓಡಿದೆವು. ಅವ್ವ ಮಾತ್ರ ನಿಂತಲ್ಲೇ ನಿಂತು, "ಅಟ್ಟಬ್ಯಾಡ್ರೋ! ಅಟ್ಟಿದ್ರೆ ಮೇಲಕ್ಕೆ ಹೋಗುತ್ತೆ" ಎಂದಳು. ಕಲ್ಲತ್ತಿಗಿರಿಯ ಗುಡಿಯಲ್ಲಿ ಹಣ್ಣುಕಾಯಿ ಚೀಲವನ್ನು ಮಂಗಗಳಿಂದ ಎಷ್ಟು ಸಲ ಬಿಡಿಸಿಕೊಂಡವಳು! ಡಬ್ಬ ತೆಗೆದು ಒಂದು ಅಂಟಿನುಂಡೆಯನ್ನು ಅದರ ಕಡೆಗೆ ಎಸೆದಳು. ನಮ್ಮೂರ ಮಂಗ ಏನು ಮಾಡುತ್ತದೋ ಆಫ್ರಿಕಾದ ಮಂಗವೂ ಅದನ್ನೇ ಮಾಡಿತು. ಉಂಡೆ ಹಿಡಿಯಲು ಕೈಯಲ್ಲಿದ್ದುದನ್ನು ಬಿಟ್ಟಿತು. ಕರಡಿಗೆ ಕೆಳಗಿದ್ದ ನೀರಿಗೆ ಬಿತ್ತು.

ತೊಡೆಮಟ್ಟದ ನೀರು ಅಷ್ಟೇ. ಆದರೆ ಸ್ವಲ್ಪ ಮುಂಚೆ ಅಲ್ಲೇ ಹತ್ತಿರದಲ್ಲಿ ಬಿಸಿಲು ಕಾಯುತ್ತಿದ್ದ ಮೊಸಳೆ ಈಗ ಮರಳಿನ ಮೇಲಿರಲಿಲ್ಲ. ಮುಬಿತ ಅವ್ವನ ಮುಖ ನೋಡಿದ, ಪ್ಯಾಂಟು ಮಡಿಸಿಕೊಂಡ, ನೀರಿಗೆ ಒಂದು ಕಾಲಿಟ್ಟ. ಅವ್ವ ಓಡಿಹೋಗಿ ಅವನ ಅಂಗಿಯನ್ನು ಹಿಂದಿನಿಂದ ಹಿಡಿದೆಳೆದಳು.

"ಇಳೀಬ್ಯಾಡಪ್ಪಾ! ಲಿಂಗ ಹೋದ್ರೆ ನನ್ದು ಹೋಯ್ತು. ನೀನು ಹೋದ್ರೆ ನಿನ್ನ ಹೆತ್ತೋಳ್ದು ಹೋಗುತ್ತೆ."

ಕನ್ನಡದ ಒಂದಕ್ಷರವೂ ತಿಳಿಯದ ಅವನು ಅಂಗಿ ಹಿಡಿದ ಆ ಕೈಯನ್ನು ನೋಡಿ ನಿಂತುಬಿಟ್ಟ.

ಅವ್ವ ಮರಳಿನ ಮೇಲೆ ಕೂತಳು. ಅಳಲಿಲ್ಲ. ನೆತ್ತಿಯ ಮೇಲೆ ಸುಡುವ ಬಿಸಿಲು. ನಾನು ಕೊಟ್ಟ ನೀರನ್ನು ಪಕ್ಕಕ್ಕೆ ಸರಿಸಿ, "ಲಿಂಗಕ್ಕೆ ತೋರಿಸ್ದೆ ಏನೂ ಬಾಯಿಗಿಡಲ್ಲ ಕಣೋ" ಎಂದಳು. ಭಾವ, "ಊರಿಗೆ ಹೋದ್ಮೇಲೆ ಅಯ್ಯನವರ ಹತ್ರ ಬೇರೆ ಲಿಂಗ ತಗೊಂಡ್ರಾಯ್ತು ಅತ್ತೆ, ಹನ್ನೊಂದು ದಿನ ತಾನೇ" ಎಂದರು. "ಆಯ್ತು, ಹನ್ನೊಂದು ದಿನ ತಾನೇ" ಎಂದಳು ಅವ್ವ. ಹೇಳಿದ್ದನ್ನು ಮಾಡುವವಳು ಅವಳು. ಹನ್ನೊಂದು ದಿನವೂ ಹನಿ ನೀರು ಮುಟ್ಟುತ್ತಿರಲಿಲ್ಲ. ತೆಗೆದಿಡು ಎಂದವನು ನಾನು, ಚೀಲ ಮರೆತವನೂ ನಾನೇ. ಅವಳು ಮಾತ್ರ ಒಮ್ಮೆಯೂ ಅದನ್ನು ಎತ್ತಿ ಆಡಲಿಲ್ಲ. ಪೂಜೆಗೆ ಕೂತಾಗಿನ ಅಭ್ಯಾಸದಂತೆ ಅವಳ ಎಡಗೈ ತೊಡೆಯ ಮೇಲೆ ಅಂಗಾತ ತೆರೆದುಕೊಂಡಿತ್ತು. ಆ ಬರಿಗೈಯನ್ನು ನೋಡಲಾರದೆ ನಾನು ನದಿಯನ್ನು ನೋಡಿದೆ.

ಮುಬಿತನೂ ಆ ಕೈಯನ್ನು ನೋಡಿರಬೇಕು. ಅದೇನು ಡಬ್ಬಿ ಎಂದು ಭಾವನನ್ನು ಕೇಳಿದ. ಬೆಳಕಿನ ವೇಗವನ್ನೇ ಮಕ್ಕಳಿಗೆ ತಿಳಿಸಿಕೊಡುತ್ತಿದ್ದ ಭಾವ ಇಂಗ್ಲಿಷಿನಲ್ಲಿ ತಡವರಿಸಿ ತಡವರಿಸಿ, ಕೊನೆಗೆ ಅದು ಆಕೆಯ ಉಸಿರು ಎಂದುಬಿಟ್ಟರು. ಮುಬಿತ ತಲೆಯಾಡಿಸಿ, ದೋಣಿಯನ್ನು ಆ ಕೊಂಬೆಯ ಕೆಳಕ್ಕೆ ತಂದು ಹಗ್ಗ ಬಿಗಿದ. ಉದ್ದ ಹಿಡಿಯ ಮೀನುಬಲೆಯನ್ನು ದೋಣಿಯೊಳಗಿಂದಲೇ ನೀರಿಗಿಳಿಸಿ ತಳವನ್ನು ಬಾಚತೊಡಗಿದ. ಅವನು ಬಾಚಿ ಸುರಿದದ್ದನ್ನೆಲ್ಲ ನಾನು ಮಂಡಿಯೂರಿ ಬೆರಳಲ್ಲಿ ಜಾಲಾಡಿದೆ. ಮರಳು, ಕಪ್ಪೆಚಿಪ್ಪು, ಕೊಳೆತ ಎಲೆ, ಸೀಸೆಯ ಮುಚ್ಚಳ, ಒಂದು ಮರಿಮೀನು. ಮತ್ತೆ ಮರಳು. ಬಿಸಿಲು ಇಳಿಯಿತು. ಅವನ ಅಂಗೈಯಲ್ಲಿ ಬೊಬ್ಬೆಗಳೆದ್ದವು, ನನ್ನ ಉಗುರುಗಳಲ್ಲಿ ರಕ್ತ ಬಂತು. ಭಾವ ಗಡಿಯಾರ ನೋಡುವುದನ್ನು ಬಿಟ್ಟರು. ಒಂದು ಹಿಡಿ ಕೆಸರಿನೊಳಗೆ ನನ್ನ ಹೆಬ್ಬೆರಳಿಗೆ ತಣ್ಣನೆಯ ದುಂಡು ಲೋಹ ತಾಗಿದಾಗ ನಾನು ಕೂಗಿದ ಕೂಗಿಗೆ ಆ ಮಂಗವೇ ಮರ ಬಿಟ್ಟು ಓಡಿತು.

ಅವ್ವ ನದಿಯ ನೀರಿನಲ್ಲೇ ಕರಡಿಗೆ ತೊಳೆದಳು. ಲಿಂಗವನ್ನು ಅಂಗೈಯಲ್ಲಿಟ್ಟು ಅಲ್ಲೇ ಪೂಜೆ ಮಾಡಿದಳು. ತೀರ್ಥವನ್ನು ನಮಗೆಲ್ಲ ಕೊಟ್ಟಳು, ಮುಬಿತನಿಗೂ ಕೊಟ್ಟಳು. ಮೊದಲ ಅಂಟಿನುಂಡೆ ಅವನಿಗೇ. ಅವನು ಅದನ್ನು ಕಚ್ಚಿ, ಅಂಟು ಹಲ್ಲಿಗೆ ಹತ್ತಿಕೊಂಡು, ಆ ದಿನ ಮೊದಲ ಬಾರಿಗೆ ನಕ್ಕ. ವಾಪಸು ಬರುವಾಗ ಅವ್ವ ಜಾಕೆಟ್ಟನ್ನು ಹೆಗಲ ಮೇಲೆ ಸುಮ್ಮನೆ ಹೊದ್ದುಕೊಂಡು ಕೂತಳು. ಮುಬಿತನೂ ಅದರ ಪಟ್ಟಿ ಹಾಕಲು ಹೇಳಲಿಲ್ಲ.

ಅವ್ವ ನನ್ನ ಉಗುರುಗಳನ್ನು ನೋಡಿ ಕೇಳಿದಳು: "ಲೇ, ನಿಂದು ಕಳೆದಿದ್ರೂ ಹಿಂಗೇ ಹುಡುಕ್ತಿದ್ಯೇನೋ?"

"ನಂದೆಲ್ಲಿ ಕಳೆಯುತ್ತವ್ವ, ಗೂಟದಲ್ಲೈತೆ."

"ಅದೂ ನಿಜವೇ ಬಿಡು," ಎಂದು ನಕ್ಕಳು. ನಾನೂ ನಕ್ಕೆ. ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ ಎಂಬುದು ತಿಳಿಯಲು ನನಗೆ ನಲವತ್ತು ವರ್ಷ ಬೇಕಾಯಿತು.

ಅವ್ವ ತೀರಿಕೊಂಡು ನಾಲ್ಕು ವರ್ಷವಾಯಿತು. ನಮ್ಮ ಪದ್ಧತಿಯಂತೆ ಲಿಂಗ ಅವಳ ಅಂಗೈಯಲ್ಲೇ ಮಣ್ಣಿಗೆ ಹೋಯಿತು, ಖಾಲಿ ಕರಡಿಗೆ ನನ್ನಲ್ಲಿ ಉಳಿಯಿತು. ಅಕ್ಕಸಾಲಿಯ ಹತ್ತಿರ ಹೋಗುವ ಕೆಲವು ದಿನ ಮುಂಚೆ ಮನೆಗೆ ಸುಣ್ಣ ಬಳಿಸಿದೆವು. ಮಾರನೆಯ ಬೆಳಿಗ್ಗೆ ದೇವರ ಕೋಣೆಗೆ ಹೋಗಿ ನೋಡಿದರೆ ಗೋಡೆ ಬೆಳ್ಳಗಿದೆ, ಗೂಟವೂ ಇಲ್ಲ, ನನ್ನ ಲಿಂಗವೂ ಇಲ್ಲ.  ಹೆಂಡತಿ ಯಾವುದೋ ಮದುವೆಗೆ ಹೋಗಿದ್ದಳು, ಫೋನು ಎತ್ತಲಿಲ್ಲ. ಪೆಟ್ಟಿಗೆ, ಬೀರು, ಅಕ್ಕಿ ಡ್ರಮ್ಮು, ಹಿತ್ತಲಲ್ಲಿ ಸುರಿದಿದ್ದ ಗಾರೆಯ ರಾಶಿ, ಎಲ್ಲವನ್ನೂ ಕೈಯಲ್ಲಿ ಜಾಲಾಡಿದೆ. ಸಂಜೆ ಅವಳು ಬಂದು, "ವಿಭೂತಿ ಡಬ್ಬದಲ್ಲಿ ಜೋಪಾನವಾಗಿ ಇಟ್ಟಿದೀನಲ್ರೀ! ಅದ್ಸರಿ, ಮಾಡಿಟ್ಟ ತಿಂಡಿ ಹಂಗೇ ಐತಲ್ಲ, ಕಾಫಿನೂ ಕುಡಿದಿಲ್ವಾ?" ಎಂದಳು. ಆಗಲೇ ನನಗೆ ಗೊತ್ತಾದದ್ದು, ಬೆಳಗಿನಿಂದ ನಾನು ಹನಿ ನೀರನ್ನೂ ಕುಡಿದಿರಲಿಲ್ಲ.

ತಣ್ಣಗಾದ ಕಾಫಿಯನ್ನು ಹಾಗೇ ಬಿಟ್ಟು ಅಂಗಡಿಗೆ ಹಿಂದಿರುಗಿದೆ. "ತಗ್ಗು ಹಾಗೇ ಇರ್ಲಿ. ಕೊಂಡಿ ಮಾತ್ರ ಗಟ್ಟಿ ಮಾಡಿಕೊಡಿ," ಎಂದೆ.

"ಹಾಕ್ಕೊಳ್ಳೋರು ಯಾರು ಸಾರ್? ದಾರದ ಅಳತೆ ಬೇಕಿತ್ತು."

"ನಾನೇ."

ಜೇಬಿನಲ್ಲಿದ್ದ ನನ್ನ ಲಿಂಗವನ್ನು ಅದರೊಳಗಿಟ್ಟು ಅಲ್ಲೇ ಕಟ್ಟಿಕೊಂಡೆ. ಬಸ್‌ಸ್ಟ್ಯಾಂಡಿನ ಕಡೆ ನಡೆಯುವಾಗ ಅಂಗಿಯ ಒಳಗೆ ಬೆಳ್ಳಿ ತಣ್ಣಗೆ ತಾಗುತ್ತಿತ್ತು. ಹೆಬ್ಬೆರಳು ತಾನಾಗಿಯೇ ಆ ಎರಡು ತಗ್ಗುಗಳ ಮೇಲೆ ಹೋಗಿ ನಿಂತಿತು.

"ಹುಡುಕಿದೆ ಕಣವ್ವ," ಎಂದೆ. ಪಕ್ಕದಲ್ಲಿ ನಡೆಯುತ್ತಿದ್ದವರು ತಿರುಗಿ ನೋಡಿದರು.