ಮೂರನೇ ಪುಟದ ಎರಡು ಫೈಲುಗಳು

2014ರಲ್ಲಿ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿದ್ದ ನನ್ನ ಮುದ್ರಣಾಲಯಕ್ಕೆ ಹನ್ನೊಂದು ವರ್ಷ ತುಂಬಿತ್ತು. ಹುಬ್ಬಳ್ಳಿಯಲ್ಲಿ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ ಹೊಡೆದು ಕೈ ಪಳಗಿಸಿಕೊಂಡವನು ನಾನು. ಇಲ್ಲಿ ಬಾಗಿಲು ಹಾಕುತ್ತಿದ್ದ ಪ್ರೆಸ್ಸೊಂದರಿಂದ ಹಳೆಯ ವೆಬ್ ಆಫ್‌ಸೆಟ್ ಯಂತ್ರವನ್ನು, ಮಾತುಕತೆಯಿಂದ ಮೂರು ಸಲ ಎದ್ದುಹೋಗಿ, ನಾಲ್ಕನೇ ಸಲ ನನ್ನ ಬೆಲೆಗೇ ತಂದಿದ್ದೆ. ಸುರುಳಿ ಕಾಗದ ಒಂದು ಕಡೆಯಿಂದ ಒಳಗೆ ಹೋದರೆ ಇನ್ನೊಂದು ಕಡೆ ಮಡಚಿದ ಪತ್ರಿಕೆ ಬಂದು ಬೀಳುತ್ತದೆ, ಅಂಥ ಯಂತ್ರ. ವಾರಕ್ಕೆ ಏಳು ಸಮುದಾಯ ಪತ್ರಿಕೆಗಳು ನಮ್ಮಲ್ಲಿ ಅಚ್ಚಾಗುತ್ತಿದ್ದವು. ಎರಡು ಭಾರತೀಯರದು, ಎರಡು ಸ್ಪ್ಯಾನಿಷ್, ಒಂದು ವಿಯೆಟ್ನಾಮಿ, ಒಂದು ಉರ್ದು, ಒಂದು ಚೀನೀ. ಕೊನೆಯ ಮೂರನ್ನು ನಮ್ಮ ಶಾಪಿನಲ್ಲಿ ಓದಬಲ್ಲವರು ಒಬ್ಬರೂ ಇರಲಿಲ್ಲ.

ಓದಲು ಬಾರದ ಭಾಷೆಯನ್ನು ಹೇಗೆ ಮುದ್ರಿಸುತ್ತೀರಿ ಎಂದು ಜನ ಕೇಳುತ್ತಿದ್ದರು. ಚಿತ್ರ ನೋಡಿ, ಎಂದು ನಾನು ಹೇಳುತ್ತಿದ್ದೆ. ಯಾವ ಪುಟದಲ್ಲಿ ಯಾವ ಫೋಟೊ, ಅದು ತಲೆಕೆಳಗಾಗಿಲ್ಲವೇ, ಜಾಹೀರಾತು ತನ್ನ ಮೂಲೆಯಲ್ಲಿದೆಯೇ, ಇಷ್ಟು ನೋಡಿದರೆ ಸಾಕು ಎಂಬ ಧೈರ್ಯ ನನಗಿತ್ತು.

ಚೀನೀ ವಾರಪತ್ರಿಕೆಯ ಸಂಪಾದಕಿ ಮಿಸೆಸ್ ಶೆನ್. ಐವತ್ತೈದರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಇಪ್ಪತ್ತನಾಲ್ಕು ಪುಟ, ಐದು ಸಾವಿರ ಪ್ರತಿ, ಎಲ್ಲವೂ ಉಚಿತ ಹಂಚಿಕೆ. ಮೂರು ಸಾವಿರ ಹ್ಯೂಸ್ಟನ್‌ಗೆ, ಸಾವಿರದ ನಾನೂರು ಡಲ್ಲಾಸ್ ಕಡೆಗೆ, ಆರುನೂರು ಆಸ್ಟಿನ್‌ಗೆ. ಸೂಪರ್‌ಮಾರ್ಕೆಟ್ ಬಾಗಿಲಲ್ಲಿ ಇರುತ್ತದಲ್ಲ ತಂತಿಯ ಸ್ಟ್ಯಾಂಡ್, ಅದರಿಂದ ಜನ ತಾವೇ ತೆಗೆದುಕೊಂಡು ಹೋಗುತ್ತಾರೆ. ಹಂಚುವ ಕೆಲಸವೂ ನನ್ನದೇ. ಅಚ್ಚು ಮತ್ತು ಹಂಚಿಕೆ ಎರಡೂ ಒಂದೇ ಕೈಯಲ್ಲಿದ್ದರೆ ಗಿರಾಕಿ ಬೇರೆ ಕಡೆ ಹೋಗುವುದಿಲ್ಲ. ಈ ದಂಧೆಗೆ ಬರುವವರು ಇದನ್ನು ಬರೆದಿಟ್ಟುಕೊಳ್ಳಲಿ.

ಇಪ್ಪತ್ತನಾಲ್ಕರಲ್ಲಿ ನಾಲ್ಕು ಪುಟ ಶೆನ್ ಅವರ ಕಚೇರಿಯಲ್ಲಿ ತಯಾರಾಗುತ್ತಿರಲಿಲ್ಲ. ಅವು ಚೀನಾದ ಒಂದು ಸುದ್ದಿಸಂಸ್ಥೆಯಿಂದ ಸಿದ್ಧವಾಗಿ, ಪುಕ್ಕಟೆಯಾಗಿ, ನೇರ ನಮ್ಮ ಸರ್ವರ್‌ಗೇ ಬರುತ್ತಿದ್ದವು. ಹೊರದೇಶದ ಸಣ್ಣ ಪತ್ರಿಕೆಗಳಿಗೆ ಅವರು ಹಾಗೆ ಕಳಿಸುತ್ತಿದ್ದರು. ನಾವು ಅವನ್ನು ರೆಡಿ ಪುಟ ಎನ್ನುತ್ತಿದ್ದೆವು. ಹೊಸ ಸೇತುವೆ, ಮಂಜು ಕವಿದ ಬೆಟ್ಟ, ಹೂವಿನ ಹೊಲ, ನಗುವ ರೈತರು. ಮೂಲೆಯಲ್ಲಿನ ಸಂಸ್ಥೆಯ ಗುರುತು ಸಣ್ಣದು; ನಾನು ಅದನ್ನು ನೋಡುತ್ತಿರಲಿಲ್ಲ, ಹೂವು ನೋಡಿಯೇ ಗುರುತು ಹಿಡಿಯುತ್ತಿದ್ದೆ.

ಇನ್ನೊಂದು ಸಂಗತಿ ಹೇಳಲೇಬೇಕು, ಏಕೆಂದರೆ ತಪ್ಪಿನ ಬೇರು ಅಲ್ಲಿದೆ. ಮೊದಲು ಶೆನ್ ಪ್ರತಿ ಬುಧವಾರ ಬಂದು ಪ್ರತಿ ಪುಟದ ಪ್ರೂಫ್ ನೋಡಿ ಸಹಿ ಹಾಕುತ್ತಿದ್ದರು. ಅದರಿಂದ ನನ್ನ ಯಂತ್ರ ಒಂದೂವರೆ ತಾಸು ಸುಮ್ಮನೆ ನಿಲ್ಲುತ್ತಿತ್ತು. ಹಿಂದಿನ ವರ್ಷ ನಾನೇ ಅವರನ್ನು ಒಪ್ಪಿಸಿದ್ದೆ: "ಸಹಿ ಬಿಡಿ, ಮಧ್ಯಾಹ್ನ ಒಂದು ಗಂಟೆಯ ಸರದಿ ನಿಮಗೇ ಕೊಡುತ್ತೇನೆ. ಪುಟ ಬದಲಾದರೆ ಅದೇ ಹೆಸರಿನಲ್ಲಿ ಮತ್ತೆ ಕಳಿಸಿ. ಕೊನೆಗೆ ಬಂದ ಫೈಲನ್ನೇ ಅಚ್ಚು ಮಾಡುತ್ತೇವೆ." ಒಳ್ಳೆಯ ಚೌಕಾಸಿ ಎಂದು ಬೀಗಿದ್ದೆ.

ಮಾರ್ಚ್ ತಿಂಗಳ ಒಂದು ಬುಧವಾರ. ಬೆಳಿಗ್ಗೆ ಹತ್ತಕ್ಕೆ ಮೂರನೇ ಪುಟ ಬಂತು. ನಡುವೆ ನರ್ಸ್ ಸಮವಸ್ತ್ರದ ಒಬ್ಬ ಹೆಂಗಸಿನ ದೊಡ್ಡ ಫೋಟೊ, ಸುತ್ತ ಪುಟದ ತುಂಬ ಬರಹ. ಹನ್ನೆರಡೂ ಕಾಲಿಗೆ ಅದೇ ಹೆಸರಿನಲ್ಲಿ ಇನ್ನೊಂದು ಫೈಲು ಬಂತು. ಹಳದಿ ಹೂವಿನ ಹೊಲ. ನನಗೆ ನಗು ಬಂತು. ರೆಡಿ ಪುಟದವರು ನಂಬರು ತಪ್ಪು ಹಾಕಿ ಕಳಿಸಿದ್ದಾರೆ ಎಂದುಕೊಂಡೆ. ಶೆನ್ ಅವರಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

ನನ್ನ ಹೆಂಡತಿ ವಿಜಯಾ ಕೌಂಟರ್ ನೋಡಿಕೊಳ್ಳುತ್ತಿದ್ದಳು. "ಆಕಿ ಫೋನ್ ಎತ್ತೋ ತನಕಾ ತಡೀರಿ," ಎಂದಳು.

"ತಡದ್ರ ಮುಂದಿನ ಸರದಿ ಉರ್ದು ಪೇಪರ್‌ನವ ಬಂದು ನನ್ನ ತಲಿ ತಿಂತಾನ. ಆ ಹೆಣಮಗಳ ಫೋಟೊ ಬಿಟ್ಟು ಹೂವು ಹೊಡದ್ರ ಶೆನ್ ನನ್ನ ಬಿಡ್ತಾಳೇನು?"

"ನಿಮಗ ಚೀನೀ ಯಾವಾಗಿಂದ ಬರಾಕತ್ತೇತ್ರಿ?"

ನಾನೇ ಮಾಡಿದ ನಿಯಮವನ್ನು ಬದಿಗಿಟ್ಟು, ಹತ್ತು ಗಂಟೆಯ ಫೈಲಿನಿಂದಲೇ ಪ್ಲೇಟ್ ಮಾಡಿಸಿದೆ. ಪ್ಲೇಟ್ ಎಂದರೆ ಪುಟದ ಅಚ್ಚು ಮೂಡಿರುವ ಅಲ್ಯುಮಿನಿಯಂ ಹಾಳೆ. ಅದು ಯಂತ್ರಕ್ಕೆ ಏರಿತೆಂದರೆ ಮುಗಿಯಿತು. ಎರಡೂವರೆಗೆ ಐದು ಸಾವಿರ ಪ್ರತಿ ಕಟ್ಟಿ ಇಟ್ಟಾಗಿತ್ತು.

ಗುರುವಾರ ಬೆಳಿಗ್ಗೆ ಆರಕ್ಕೆ ವ್ಯಾನುಗಳು ಹೊರಟವು. ಎಂಟು ನಲವತ್ತಕ್ಕೆ ಶೆನ್ ಫೋನ್ ಬಂತು.

"ಮಿಸ್ಟರ್ ಜೋಶಿ, ಮೂರನೇ ಪುಟದಲ್ಲಿ ಏನಿದೆ?"

"ನರ್ಸ್ ಫೋಟೊ, ಮೇಡಂ. ಹೂವಿನ ಪುಟ ತಪ್ಪಿ ಬಂದಿತ್ತು, ನಾನೇ ನೋಡಿ ಸರಿ ಮಾಡಿದೆ."

ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. "ಎಷ್ಟು ಹೊರಗೆ ಹೋಗಿವೆ?" ಎಂದರು.

ಹದಿನೈದು ನಿಮಿಷದಲ್ಲಿ ಅವರು ಶಾಪಿಗೆ ಬಂದರು. ನಿಂತುಕೊಂಡೇ ವಿಷಯ ಹೇಳಿದರು. ಆ ನರ್ಸ್ ಹ್ಯೂಸ್ಟನ್‌ನಲ್ಲಿ ಕೆಲಸ ಮಾಡುವವಳು. ಆಕೆಯ ತಮ್ಮ ಚೀನಾದಲ್ಲಿ ವಕೀಲರೊಬ್ಬರ ಕಚೇರಿಯಲ್ಲಿದ್ದ. ನಾಲ್ಕು ತಿಂಗಳ ಹಿಂದೆ ಅವನನ್ನು ಕರೆದುಕೊಂಡು ಹೋದ ಅಧಿಕಾರಿಗಳು ಎಲ್ಲಿಟ್ಟಿದ್ದಾರೆಂದು ಹೇಳಿರಲಿಲ್ಲ. ಬೇರೆ ದಾರಿ ಕಾಣದೆ ಆಕೆ ಹೆಸರು, ಫೋಟೊ ಕೊಟ್ಟು ಶೆನ್ ಪತ್ರಿಕೆಗೆ ಮಾತಾಡಿದ್ದಳು. ಬುಧವಾರ ಬೆಳಿಗ್ಗೆ ಆಕೆಯ ತಾಯಿ ಅಲ್ಲಿಂದ ಫೋನ್ ಮಾಡಿದ್ದರು. ಮನೆಗೆ ಇಬ್ಬರು ಬಂದು ಸೋಫಾದ ಮೇಲೆ ಕುಳಿತು, ನಿಮ್ಮ ಮಗಳು ಅಲ್ಲಿ ಸುಮ್ಮನಿದ್ದರೆ ಮಗ ತಿಂಗಳೊಳಗೆ ಮನೆಗೆ ಬರುತ್ತಾನೆ ಎಂದು ಹೇಳಿ ಹೋಗಿದ್ದರು. ಶೆನ್ ತಕ್ಷಣ ಕೈಗೆ ಸಿಕ್ಕ ಹೂವಿನ ಚಿತ್ರ, ಒಂದು ಹಳೆಯ ಪ್ರವಾಸ ಲೇಖನ ಹಾಕಿ ಪುಟ ಬದಲಿಸಿ ಕಳಿಸಿದ್ದರು. ನಾನು ಫೋನ್ ಮಾಡಿದಾಗ ಅವರು ಆ ನರ್ಸ್ ಮನೆಯಲ್ಲಿ, ಅವಳ ಕೈ ಹಿಡಿದು ಕುಳಿತಿದ್ದರು.

"ಕೊನೆಯ ಫೈಲು ಅಂತ ನೀವೇ ಹೇಳಿದ್ದಿರಿ," ಎಂದರು. ಅಷ್ಟೇ.

ವಿಜಯಾ ನನ್ನನ್ನು ನೋಡಲಿಲ್ಲ. ಅಷ್ಟರಲ್ಲಿ ಅವಳು ಡಲ್ಲಾಸ್ ವ್ಯಾನಿನ ಡ್ರೈವರ್‌ಗೆ ಫೋನ್ ಹಚ್ಚಿದ್ದಳು. ಅವನು ಅರ್ಧ ದಾರಿಯಲ್ಲಿದ್ದ. ತಿರುಗಿಸಿಕೊಂಡು ಬಾ ಎಂದಳು. ಆಸ್ಟಿನ್ ಕಟ್ಟುಗಳು ಅಲ್ಲಿನ ಒಂದು ಚೀನೀ ಕಿರಾಣಿ ಅಂಗಡಿಯ ಹಿಂಬಾಗಿಲಲ್ಲಿ ಕಟ್ಟಿದ ಹಾಗೆಯೇ ಬಿದ್ದಿದ್ದವು. ಬಿಚ್ಚಬೇಡಿ, ವಾಪಸ್ ತರಿಸಿಕೊಳ್ಳುತ್ತೇವೆ ಎಂದು ಹೇಳಿಯಾಯಿತು. ಉಳಿದದ್ದು ಹ್ಯೂಸ್ಟನ್.

"ಎಲ್ಲ ಸ್ಟ್ಯಾಂಡ್ ಖಾಲಿ ಮಾಡಿಸ್ತೀನಿ," ಎಂದೆ.

"ಬೇಡ," ಎಂದರು ಶೆನ್. "ಖಾಲಿ ಸ್ಟ್ಯಾಂಡ್ ಕಂಡರೆ ಈ ವಾರ ಅದರಲ್ಲಿ ಏನಿತ್ತು ಅಂತ ಜನ ಹುಡುಕುತ್ತಾರೆ. ಒಬ್ಬರ ಹತ್ತಿರ ಒಂದು ಪ್ರತಿ ಸಿಕ್ಕರೂ ಸಾಕು, ಫೋನಿನಲ್ಲಿ ಫೋಟೊ ತೆಗೀತಾರೆ. ಐದು ನಿಮಿಷದಲ್ಲಿ ಚೀನಾದಲ್ಲಿರುತ್ತದೆ."

ಹಾಗಾಗಿ ಮೊದಲು ಹೊಸ ಪ್ರತಿ, ಆಮೇಲೆ ಅದಲುಬದಲು. ಯಂತ್ರದ ಮೇಲಿದ್ದ ಕೆಲಸ ಇಳಿಸಿ, ಹೂವಿನ ಪುಟದ ಪ್ಲೇಟ್ ಹಾಕಿದೆ. ಹತ್ತೂವರೆಗೆ ಮೊದಲ ಸಾವಿರ ಪ್ರತಿ ಬಿಸಿಬಿಸಿಯಾಗಿ ವ್ಯಾನಿಗೆ ಹೋದವು. ಹಳೆಯದು ಎತ್ತು, ಹೊಸದು ಇಡು, ಯಾರಾದರೂ ಕೇಳಿದರೆ ಮಸಿ ಸರಿ ಒಣಗಿಲ್ಲ, ಕೈಗೆ ಹತ್ತುತ್ತದೆ ಎನ್ನು. ಡ್ರೈವರ್‌ಗಳಿಗೆ ಇಷ್ಟೇ ಹೇಳಿದೆ.

ಜಾಹೀರಾತುದಾರರಿಗೆ, ಸಂಘಗಳಿಗೆ ಕೈಯಾರೆ ತಲುಪಿಸುವ ನಲವತ್ತು ಪ್ರತಿಗಳನ್ನು ನಾನೂ ಶೆನ್ ಅವರೂ ನನ್ನ ಕಾರಿನಲ್ಲಿ ಹೊರಟು ಬದಲಿಸಿದೆವು. ಬೆಲೇರ್ ರಸ್ತೆಯ ಒಂದು ಬೇಕರಿಯಲ್ಲಿ ಮುದುಕನೊಬ್ಬ ಚಹಾ ಕುಡಿಯುತ್ತ ನಮ್ಮ ಪತ್ರಿಕೆಯನ್ನೇ ಬಿಡಿಸಿಕೊಂಡಿದ್ದ. ನಾನು ಅವನ ಕಡೆ ಎರಡು ಹೆಜ್ಜೆ ಹಾಕಿದೆ. ಶೆನ್ ನನ್ನ ತೋಳು ಹಿಡಿದರು. "ಕೇಳಿದರೆ ಓದುತ್ತಾನೆ," ಎಂದು ಪಿಸುಗುಟ್ಟಿದರು. ಗಾಜಿನಾಚೆ ನಿಂತು ಇಬ್ಬರೂ ನೋಡಿದೆವು. ಅವನು ಮೊದಲ ಪುಟದಿಂದ ಸೀದಾ ಹಿಂದಿನ ಪುಟದ ಬಾಡಿಗೆ ಮನೆಗಳ ಜಾಹೀರಾತಿಗೆ ಹೋದ, ಪೆನ್ನಿನಿಂದ ಒಂದಕ್ಕೆ ಗುರುತು ಹಾಕಿದ, ಮಡಚಿ ಜೇಬಿಗಿಟ್ಟು ಎದ್ದುಹೋದ. ಆ ಜೇಬು ನನಗೆ ಇವತ್ತಿಗೂ ಕಾಣುತ್ತದೆ.

ಕೊನೆಗೆ ಉಳಿದದ್ದು ಇಲ್ಲಿನ ಚೀನೀಯರ ಸಂಘದ ಅಧ್ಯಕ್ಷರ ಪ್ರತಿ. ಅವರು ಹೋಟೆಲ್ ಸಾಮಾನಿನ ಸಗಟು ವ್ಯಾಪಾರಿ. ವರ್ಷಕ್ಕೆ ಎರಡು ಸಲ ನಿಯೋಗ ಕಟ್ಟಿಕೊಂಡು ಚೀನಾಕ್ಕೆ ಹೋಗಿಬರುತ್ತಿದ್ದರು. ಅಲ್ಲಿನ ಅಧಿಕಾರಿಗಳೊಂದಿಗೆ ಕೈಕುಲುಕಿದ ಫೋಟೊಗಳು ಅವರ ಗೋಡೆಯ ತುಂಬ ಇದ್ದವು. "ನಾನು ಒಳಗೆ ಬಂದರೆ ಅನುಮಾನ ಬರುತ್ತದೆ," ಎಂದು ಶೆನ್ ಕಾರಿನಲ್ಲೇ ಉಳಿದರು.

ನಾನು ಹೊಸ ಪ್ರತಿ ಹಿಡಿದು ಒಳಗೆ ಹೋದೆ. ಮೇಜಿನ ಮೇಲೆ ಹಳೆಯದು ಬಿಚ್ಚಿತ್ತು. ಯಾವ ಪುಟವೆಂದು ತಲೆಕೆಳಗಾಗಿ ನೋಡಿ ತಿಳಿಯಲಿಲ್ಲ.

"ಸರ್, ಈ ಲಾಟಿನಲ್ಲಿ ಮಸಿ ಕೆಟ್ಟಿದೆ. ಕೈಗೆ ಹತ್ತುತ್ತದೆ. ಹೊಸದು ತಂದಿದ್ದೇನೆ."

ಅವರು ತಮ್ಮ ಎರಡೂ ಅಂಗೈ ಎತ್ತಿ ನನ್ನ ಮುಖದ ಮುಂದೆ ಹಿಡಿದರು. ಸ್ವಚ್ಛವಾಗಿದ್ದವು. "ಎಲ್ಲಿ ಹತ್ತಿದೆ, ಮಿಸ್ಟರ್ ಜೋಶಿ?"

ನಾನು ನಗಲು ನೋಡಿದೆ. ಅವರು ನನ್ನ ಕೈಯಿಂದ ಹೊಸ ಪ್ರತಿ ತೆಗೆದುಕೊಂಡು ಹಳೆಯದರ ಪಕ್ಕದಲ್ಲಿ ಇಟ್ಟರು. ಎರಡರ ಮೊದಲ ಪುಟ ನೋಡಿದರು. ಒಂದೇ. ಎರಡನೆಯದು. ಒಂದೇ. ಆಗ ನನಗೆ ಹೊಳೆಯಿತು: ಈ ಅದಲುಬದಲಿನ ಜಾಣತನದಿಂದ, ಯಾವ ಪುಟವನ್ನು ಮುಚ್ಚಿಡಬೇಕಿತ್ತೋ ಅದನ್ನು ನಾನೇ ಹಿಡಿದು ತೋರಿಸಿದ್ದೆ. ಅವರು ಮೂರನೇ ಪುಟ ತಿರುವಿದರು. ಒಂದು ಕಡೆ ಹೂವು, ಒಂದು ಕಡೆ ಆ ಹೆಂಗಸು. ಅವರು ಓದತೊಡಗಿದರು. ಮೇಲಿನಿಂದ ಕೆಳಗಿನವರೆಗೂ ಓದಿದರು. ಮೇಜಿನ ಮೇಲೆ ಅವರ ಫೋನ್ ಇತ್ತು; ನನ್ನ ಕಣ್ಣು ಅದರ ಮೇಲೆಯೇ ಇತ್ತು.

ಓದಿ ಮುಗಿಸಿ ಅವರು ಹಳೆಯ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೋಟಿನ ಒಳಜೇಬಿಗೆ ತಾವೇ ತುರುಕಿದರು.

"ನನ್ನ ತಾಯಿಗೆ ಎಂಬತ್ತೆರಡು," ಎಂದರು. "ಚೀನಾದಲ್ಲೇ ಇದ್ದಾರೆ." ಆಮೇಲೆ ಬಾಗಿಲ ಕಡೆ ನೋಡಿ ದನಿ ಇನ್ನೂ ತಗ್ಗಿಸಿದರು. "ಹೊರಗೆ ನನ್ನ ಮ್ಯಾನೇಜರ್ ಕೂತಿದ್ದಾನೆ. ನಾವು ಜಾಹೀರಾತಿನ ರೇಟು ಮಾತಾಡಿದೆವು. ನಗುತ್ತ ಹೋಗಿ."

ನಾನು ನಗುತ್ತ ಹೋದೆ. ಮ್ಯಾನೇಜರ್ ತಲೆ ಎತ್ತಿ ನೋಡಿದ. "ನಿಮ್ಮ ಬಾಸ್ ಬಹಳ ಗಟ್ಟಿ ಗಿರಾಕಿ!" ಎಂದು ಜೋರಾಗಿ ಹೇಳಿದೆ. ಕಾರಿನ ಬಾಗಿಲು ಹಾಕಿದ ಮೇಲೆ ಒಳಜೇಬಿನ ಪ್ರತಿಯನ್ನು ತೆಗೆದು ಶೆನ್ ಕೈಗೆ ಕೊಟ್ಟೆ. ಅಧಿಕಾರಿಗಳ ಪಕ್ಕ ನಿಂತ ಆ ಮನುಷ್ಯನ ಬಗ್ಗೆ ನನಗೆ ಎಲ್ಲ ಗೊತ್ತು ಎಂದುಕೊಂಡಿದ್ದೆ. ಅವರ ಹೆದರಿಕೆ ನನ್ನದಕ್ಕಿಂತ ಹಳೆಯದು.

ಸಂಜೆ ಐದಕ್ಕೆ ವಾಪಸ್ ಬಂದದ್ದನ್ನೆಲ್ಲ ಎಣಿಸಿದೆವು. ನೂರಾ ಮೂವತ್ತೇಳು ಪ್ರತಿ ಸಿಗಲಿಲ್ಲ. ಸಿಕ್ಕದ್ದನ್ನು ಚೂರು ಮಾಡುವ ಯಂತ್ರಕ್ಕೆ ಹಾಕಿಸಿ, ಮುಗಿಯುವವರೆಗೆ ಅಲ್ಲೇ ನಿಂತೆ.

ಹೇಳಿದ ತಿಂಗಳು ಕಳೆಯಿತು. ಹುಡುಗ ಮನೆಗೆ ಬರಲಿಲ್ಲ. ಪ್ರೂಫ್ ನೋಡಿ ಸಹಿ ಹಾಕಲು ಶೆನ್ ಈಗ ಮತ್ತೆ ಬರುತ್ತಿದ್ದರು; ಬುಧವಾರ ಬಂದಾಗಲೆಲ್ಲ ನಾನು ಅವರ ಮುಖ ನೋಡುತ್ತಿದ್ದೆ. ಅವರು ಇಲ್ಲವೆಂದು ತಲೆಯಾಡಿಸುತ್ತಿದ್ದರು. ಐದನೇ ವಾರ, ಆರನೇ ವಾರ. ಊಟ ರುಚಿಸುತ್ತಿರಲಿಲ್ಲ. ಶಾಪಿನ ಮುಂದೆ ಪರಿಚಯವಿಲ್ಲದ ಕಾರು ನಿಂತರೆ ಎದ್ದು ನೋಡುತ್ತಿದ್ದೆ. ಹತ್ತನೇ ವಾರ ಆತ ಬಂದ ಎಂಬ ಸುದ್ದಿ ಬಂತು.

ಅದಾದ ಕೆಲವು ದಿನಕ್ಕೆ ಆ ನರ್ಸ್ ತಾನೇ ಶಾಪಿಗೆ ಬಂದಳು. ಫೋಟೊಗಿಂತ ಸಣ್ಣವಳಾಗಿ ಕಂಡಳು. ಆಕೆಯ ಹೆಸರನ್ನು ನಾನು ಇಲ್ಲೂ ಬರೆಯುವುದಿಲ್ಲ. ವಿಜಯಾ ಚಹಾ ಕೊಟ್ಟಳು. ಬೈದರೆ ಬೈಸಿಕೊಳ್ಳಬೇಕೆಂದು ನಾನು ಕೈಕಟ್ಟಿ ನಿಂತಿದ್ದೆ.

"ತಮ್ಮ ಹೇಗಿದ್ದಾನೆ?" ಎಂದು ವಿಜಯಾ ಕೇಳಿದಳು.

"ಫೋನಿನಲ್ಲಿ ಊಟ ಆಯಿತಾ ಅಂತಷ್ಟೇ ಕೇಳುತ್ತಾನೆ. ಬೇರೆ ಏನೂ ಮಾತಾಡುವುದಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಎಷ್ಟು ಪ್ರತಿ ಸಿಗಲಿಲ್ಲ?"

ಜನ್ಮವೆಲ್ಲ ಚೌಕಾಸಿ ಮಾಡಿದ ನಾಲಿಗೆ ಇದು. ಬಹುತೇಕ ಎಲ್ಲವೂ ಸಿಕ್ಕವು, ಮೇಡಂ, ಎಂಬ ಮಾತು ತುದಿಗೆ ಬಂದಿತ್ತು. ವಿಜಯಾ ನನ್ನನ್ನೇ ನೋಡುತ್ತಿದ್ದಳು.

"ನೂರಾ ಮೂವತ್ತೇಳು," ಎಂದೆ.

ಆಕೆ ತಲೆದೂಗಿದಳು. "ಸರಿ. ಒಂದಾದರೂ ಅಲ್ಲಿಗೆ ಹೋಗಿದೆ ಅಂತಲೇ ಇಟ್ಟುಕೊಳ್ಳುತ್ತೇನೆ. ಅಮ್ಮನಿಗೂ ಹಾಗೇ ಹೇಳಿ ಎಚ್ಚರವಾಗಿರಲು ಹೇಳುತ್ತೇನೆ. ನಿಜ ಹೇಳಿದ್ದು ಒಳ್ಳೆಯದಾಯಿತು." ಚಹಾ ಪೂರ್ತಿ ಕುಡಿದು, ಕಪ್ಪನ್ನು ತಾನೇ ಸಿಂಕಿನಲ್ಲಿಟ್ಟು ಹೋದಳು.

ಇದನ್ನು ಓದುವ ಸಣ್ಣ ವ್ಯಾಪಾರಿಗಳಿಗೆ ನನ್ನದೊಂದು ಸಲಹೆ. ನೀವು ಓದಲಾರದ ಕೆಲಸ ನಿಮ್ಮ ಕೈಗೆ ಬಂದಾಗ ಅದನ್ನು ಸರಿಮಾಡಲು ಹೋಗಬೇಡಿ. ಗಿರಾಕಿ ಫೋನ್ ಎತ್ತದಿದ್ದರೆ ಯಂತ್ರ ನಿಲ್ಲಿಸಿ. ಮುಂದಿನ ಸರದಿಯವನು ಕೂಗಾಡಲಿ, ಕೂಗಾಡಿ ಸುಮ್ಮನಾಗುತ್ತಾನೆ. ಅಷ್ಟಾಗಿಯೂ ತಪ್ಪಿದರೆ, ಯಾರ ಮನೆಗೆ ಅದರ ಬಿಸಿ ತಾಗುತ್ತದೋ ಅವರಿಗೆ ಅಂಕಿಯನ್ನು ಇದ್ದ ಹಾಗೆಯೇ ಹೇಳಿ. ಯಾವುದಕ್ಕೆ ಎಷ್ಟು ಹೆದರಬೇಕೆಂದು ಲೆಕ್ಕ ಹಾಕಿಕೊಳ್ಳಬೇಕಾದವರು ಅವರು.