ಬಿಚ್ಚಿದ ಮೇಲೆ ಗೊತ್ತಾಗಿದ್ದು

ಆಪರೇಷನ್ ಥಿಯೇಟರಿನ ಬಾಗಿಲನ್ನು ಅರ್ಧ ತೆರೆದು ಡಾಕ್ಟರು ನನ್ನನ್ನು ಕರೆದರು. ಒಳಗೆ ನನ್ನ ಹೆಂಡತಿಯ ಥೈರಾಯ್ಡ್ ಆಪರೇಷನ್ ನಡೆಯುತ್ತಿತ್ತು.

“ಥೈರಾಯ್ಡ್ ಹಿಂದೆ ನಾಲ್ಕು ಸಣ್ಣ ಗ್ರಂಥಿ ಇರ್ತವೆ. ಅದ್ರಲ್ಲಿ ಎರಡು ಊದ್ಕೊಂಡಿವೆ, ಮೂಳೆಯಿಂದ ಕ್ಯಾಲ್ಸಿಯಂ ಎಳೀತಾ ಇರೋ ಹಾಗಿದೆ. ಕುತ್ತಿಗೆ ತೆರೆದ ಮೇಲೇ ಗೊತ್ತಾಗಿದ್ದು. ಈಗ್ಲೇ ತೆಗೆಯೋದು ಒಳ್ಳೇದು, ನೀವು ಒಪ್ಪಬೇಕು” ಎಂದರು.

ಮೂಡಲಪಾಳ್ಯದಲ್ಲಿ ನನ್ನದು ಸ್ಕೂಟರ್ ಗ್ಯಾರೇಜು. ‘ಇಂಜಿನ್ ಬಿಚ್ಚಿದ ಮೇಲೆ ಗೊತ್ತಾಯ್ತು, ಇನ್ನೊಂದು ಪಾರ್ಟೂ ಹೋಗಿದೆ, ಬದಲಾಯಿಸಿಬಿಡ್ಲಾ?’ ಎಂದು ದಿನಾ ಗಿರಾಕಿಗಳಿಗೆ ಫೋನ್ ಮಾಡುವವನು ನಾನು. ನನ್ನನ್ನು ನಂಬದೆ ಅವರು ಕೇಳುವ ಮಾತೇ ಆಗ ನನ್ನ ಬಾಯಿಂದಲೂ ಬಂತು.

“ತೆಗೆದಿದ್ದನ್ನ ತೋರಿಸ್ತೀರಾ ಸಾರ್?”

ಪಕ್ಕದಲ್ಲಿದ್ದ ನರ್ಸ್ ದುರುಗುಟ್ಟಿ ನೋಡಿದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ.

ಮುಕ್ಕಾಲು ಗಂಟೆಯಾದ ಮೇಲೆ ಡಾಕ್ಟರೇ ಪುಟ್ಟ ಬಾಟಲಿ ಹಿಡಿದು ಬಂದರು. ಅಕ್ಕಿಕಾಳಿನಷ್ಟು ಇರಬೇಕಾದವು ಕಡಲೆಕಾಯಿ ಬೀಜದಷ್ಟಾಗಿದ್ದವು. ಅಭ್ಯಾಸಬಲದಿಂದ ಕೈ ಚಾಚಿದೆ. “ಇದು ಹೋಗೋದು ಲ್ಯಾಬಿಗೆ, ನಿಮ್ಮನೆಗಲ್ಲ” ಎಂದು ಅವರು ಬಾಟಲಿಯನ್ನು ಹಿಂದಕ್ಕೆಳೆದುಕೊಂಡರು.

ಸಂಜೆ ಹೆಂಡತಿಗೆ ಪೂರ್ತಿ ಎಚ್ಚರವಾಯಿತು. ಕಟ್ಟಿದ ಗಂಟಲಲ್ಲೇ ಅವಳು ಮೊದಲು ಕೇಳಿದ್ದು, “ರೀ, ಹಳೇ ಪಾರ್ಟ್ ತೋರ್ಸಿ ಅಂತ ಕೇಳಿ ಮಾನ ಕಳೀಲಿಲ್ಲ ತಾನೆ?”

ಆ ಗ್ರಂಥಿಗಳಿಂದಲೇ ಬಂದಿದ್ದ ಅವಳ ಹಳೇ ಮಂಡಿನೋವು ಈಗ ಎಷ್ಟೋ ಕಡಿಮೆಯಾಗಿದೆ. ನಾನು ಫೋನ್ ಮಾಡಿದಾಗ ಗಿರಾಕಿ ‘ಹಳೇ ಪಾರ್ಟ್ ತೋರಿಸ್ತೀರಾ?’ ಎಂದರೆ ನಾನೀಗ ಮೊದಲಿನಂತೆ ಸಿಡುಕುವುದಿಲ್ಲ. ಸ್ಕೂಟರೇ ಆದರೂ, ಬಿಚ್ಚಿಟ್ಟಿರುವುದು ಅವರದ್ದು.